ಕೋಬೆಯಲ್ಲಿ ಹೊತ್ತ ಮಡಿ ನೀರು

ಕೋಬೆ ಅನ್ನೋ ಊರು ಬಲು ಸೊಗಸು ಅಂತ ಯಾರಾದರೂ ನಿಮ್ಮ ಹತ್ತಿರ ಹೇಳಿದರೆ, ಆ ಮನುಷ್ಯ ಅಲ್ಲಿ ಒಂದು ದಿನವೂ ನೀರು ಹೊತ್ತಿಲ್ಲ ಅಂತ ತಿಳ್ಕೊಳ್ಳಿ. ನಾನು ಹೊತ್ತಿದೀನಿ. ಹನ್ನೊಂದು ತಿಂಗಳು, ದಿನಾ ಬೆಳಿಗ್ಗೆ, ಒದ್ದೆ ಪಂಚೆ ಉಟ್ಟು, ಹಿತ್ತಾಳೆ ಕೊಡ ಹೆಗಲ ಮೇಲಿಟ್ಟುಕೊಂಡು. ಜಪಾನು ದೇಶದ ಆ ಊರಿಗೆ ಮುಂದೆ ಸಮುದ್ರ, ಹಿಂದೆ ಬೆಟ್ಟ. ನಡುವೆ ಉಳಿದ ಗೇಣು ಜಾಗದಲ್ಲಿ ಜನ ಒಬ್ಬರ ತಲೆ ಮೇಲೊಬ್ಬರು ಮನೆ ಕಟ್ಟಿಕೊಂಡಿದಾರೆ. ಹೊಸ್ತಿಲು ದಾಟಿದರೆ ಹತ್ತಬೇಕು, ಇಲ್ಲ ಇಳೀಬೇಕು. ನೆಟ್ಟಗೆ ನಾಲ್ಕು ಹೆಜ್ಜೆ ನಡೆಯೋ ನೆಲ ಅನ್ನೋದನ್ನ ದೇವರು ಅವರಿಗೆ ಕೊಡಲೇ ಇಲ್ಲ. ಅದನ್ನೇ ದೊಡ್ಡ ಚಂದ ಅಂತ ಚಿತ್ರ ಬರೆದು ಕಾರ್ಡಿನ ಮೇಲೆ ಅಚ್ಚು ಹಾಕಿ ಮಾರ್ತಾರೆ. ಚಂದವಂತೆ! ಮಂಡಿ ಚಿಪ್ಪು ಸವೆದವನ ಹತ್ತಿರ ಕೇಳಬೇಕು ಚಂದ.

ನಾನು ಮದ್ದೂರಿನ ಅಡುಗೆಯವನು. ಆಗ ಮದ್ದೂರು, ಮಳವಳ್ಳಿ, ಮಂಡ್ಯ ಈ ಮೂರು ಕಡೆ ಬ್ರಾಹ್ಮಣರ ಮನೆಯಲ್ಲಿ ಶ್ರಾದ್ಧ ಅಂದರೆ ಅಡುಗೆಗೆ ನನಗೇ ಹೇಳಿಕಳಿಸೋರು. ಮದುವೆ ಅಡುಗೆ ಯಾರು ಬೇಕಾದರೂ ಮಾಡ್ತಾರೆ, ಶ್ರಾದ್ಧದ್ದು ಹಾಗಲ್ಲ. ಉಪ್ಪು ನೋಡೋ ಹಾಗಿಲ್ಲ, ಮೂಸೋ ಹಾಗಿಲ್ಲ. ಮಾಡೋನ ಮಡಿ ಮೇಲೆ ಕೂದಲೆಳೆಯಷ್ಟು ಅನುಮಾನ ಬಂದರೂ ಪಿತೃಗಳು ಎಲೆ ಬಿಟ್ಟು ಎದ್ದು ಹೋಗ್ತಾರಂತೆ. ಪಿತೃಗಳು ಹೋಗ್ತಾರೋ ಇಲ್ಲವೋ ನಾ ಕಾಣೆ, ಪುರೋಹಿತರಂತೂ ಹೋಗ್ತಾರೆ. ಅಂಥ ಕೆಲಸದೋನು ಸಮುದ್ರ ದಾಟಿದರೆ ಅಲ್ಲಿಗೆ ಮುಗೀತು, ಯಾವ ಮನೆಯ ಒಲೆ ಮುಂದೂ ಮತ್ತೆ ನಿಲ್ಲಿಸೋದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೋದೆನಲ್ಲ, ಮೊದಲು ನನ್ನ ಬುದ್ಧಿಗೇ ಉಗೀಬೇಕು.

ಮಳವಳ್ಳಿಯಲ್ಲಿ ಒಬ್ಬರು ರಾಯರಿದ್ದರು. ಸರ್ಕಾರದ ರೇಷ್ಮೆ ಕೆಲಸ. ನೂಲು ಪರೀಕ್ಷೆ ಮಾಡೋ ವಿದ್ಯೆ ಕಲಿತು ಬಾ ಅಂತ ಅವರನ್ನ ಕೋಬೆಗೆ ಒಂದು ವರ್ಷಕ್ಕೆ ಕಳಿಸೋದು ಅಂತಾಯಿತು. ಅವರ ತಾಯಿ ದೊಡ್ಡಮ್ಮನವರು ತಲೆ ಬೋಳಿಸಿಕೊಂಡ ಮಡಿ ಹೆಂಗಸು, ಕಣ್ಣು ಮಂಜು. ಮಗ ಪರದೇಶದಲ್ಲಿ ಕಂಡವರ ಕೈಯಲ್ಲಿ ಉಂಡರೆ ನನ್ನ ಬಾಯಿಗೆ ಕೊನೇ ನೀರು ಬಿಡೋ ಹಕ್ಕು ಅವನಿಗಿಲ್ಲ ಅಂತ ಹಟ ಹಿಡಿದು ಅನ್ನ ಬಿಟ್ಟು ಕೂತರು. ಆಗ ಅವರ ಮನೆಯ ಪುರೋಹಿತರು ಒಂದು ದಾರಿ ತೆಗೆದರು. ಜೊತೆಗೆ ಒಬ್ಬ ಮಡಿ ಅಡುಗೆಯವನನ್ನ ಕರೆದುಕೊಂಡು ಹೋಗಲಿ, ಬಂದಮೇಲೆ ಆ ಅಡುಗೆಯವನು ತುಲಸಿ ಹಿಡಿದು 'ಇವರು ನನ್ನ ಕೈಯಡುಗೆ ಬಿಟ್ಟು ಬೇರೇನೂ ಉಂಡಿಲ್ಲ' ಅಂತ ಸಾಕ್ಷಿ ಹೇಳಲಿ, ಸಣ್ಣದೊಂದು ಪ್ರಾಯಶ್ಚಿತ್ತದಲ್ಲಿ ಮುಗಿಸೋಣ. ಅಂದರೆ ನಾನು ಹೋಗಬೇಕಾದ್ದು ಅಡುಗೆಗೆ ಮಾತ್ರ ಅಲ್ಲ, ಸಾಕ್ಷಿಗೆ.

"ನನ್ನ ಗತಿ ಏನು ರಾಯರೇ?" ಅಂದೆ.

"ನಾನಿದೀನಲ್ಲಯ್ಯಾ! ನನಗೆ ನೀನು ಸಾಕ್ಷಿ, ನಿನಗೆ ನಾನು ಸಾಕ್ಷಿ. ಇಬ್ಬರೂ ಒಟ್ಟಿಗೇ ಹೋಮಕ್ಕೆ ಕೂರೋದು, ಒಂದೇ ಪಂಕ್ತೀಲಿ ಉಣ್ಣೋದು. ನಿನ್ನ ಸೌಟು ನಿನ್ನ ಕೈ ಬಿಟ್ಟು ಎಲ್ಲಿಗೂ ಹೋಗಲ್ಲ" ಅಂದರು. ದೇವರ ಮುಂದೆ ನಿಂತು ಅಂದರು.

ಮದ್ದೂರು ಸ್ಟೇಷನ್ನಿಗೆ ನನ್ನ ಗಂಟು ಪೆಟ್ಟಿಗೆ ಹೊತ್ತು ತಂದ ಗಾಡಿಯವನು ಆತಗೂರು ಕಡೆಯೋನು. ದಾರಿಯುದ್ದಕ್ಕೂ ನಗ್ತಿದ್ದ. "ನೀರ್ ದಾಟುದ್ರೆ ಏನಾಯ್ತದೆ ಸಾಮಿ? ನಮ್ ಎಮ್ಮೆ ದಿನಾ ಒಳೆ ದಾಟ್ತದೆ, ಆಲೇನೂ ಕೆಟ್ಟಿಲ್ಲ" ಅಂದ. ನನಗೆ ರೇಗಿತು. ಶಾಸ್ತ್ರ ನಿನಗೇನು ಗೊತ್ತು, ಎತ್ತು ಹೊಡಿ ಅಂತ ಗದರಿದೆ. "ಒಡೀತೀನಿ ಬುಡಿ. ಆದ್ರೆ ಆ ರಾಯರ ಮಾತ್ನ ಒಂದ್ ಕಾಗ್ದದಾಗೆ ಬರುಸ್ಕಳಿ" ಅಂದ. ನಾನು ಬರೆಸಿಕೊಳ್ಳಲಿಲ್ಲ. ದೊಡ್ಡವರ ಮಾತಿಗೆ ಕಾಗದ ಕೇಳೋದು ಮರ್ಯಾದೆಯೇ ಅಂದುಕೊಂಡೆ.

ಹಡಗಿನ ವಿಷಯ ಹೇಳಿ ನಿಮ್ಮ ಊಟ ಕೆಡಿಸೋದಿಲ್ಲ. ಧನುಷ್ಕೋಟಿ ದಾಟಿ, ಕೊಲಂಬೊದಲ್ಲಿ ದೊಡ್ಡ ಹಡಗು ಹತ್ತಿ, ವಾರಗಟ್ಟಲೆ ಅವಲಕ್ಕಿ, ಹುರಿಹಿಟ್ಟು ತಿಂದು, ತಿಂದದ್ದನ್ನ ಸಮುದ್ರಕ್ಕೇ ಒಪ್ಪಿಸಿ, ಕೋಬೆ ಸೇರಿದಾಗ ನಾನು ಮೂಳೆ ಚಕ್ಕಳ. ರಾಯರು ಮಾತ್ರ ತುಂಬಿಕೊಂಡಿದ್ದರು. ಹಡಗಿನ ಗಾಳಿ ಹಿಡಿಸಿತು ಅಂದರು. ಯಾವ ಗಾಳಿಯಲ್ಲಿ ಅಷ್ಟು ತುಪ್ಪ ಇರುತ್ತೋ!

ಬೆಟ್ಟದ ಅರ್ಧದಲ್ಲಿ ಒಂದು ಮರದ ಮನೆ ಬಾಡಿಗೆಗೆ ಹಿಡಿದರು. ಗೋಡೆ ಅಂದರೆ ಕಾಗದ. ನೆಲಕ್ಕೆ ಚಾಪೆಯನ್ನೇ ಹೊಲಿದು ಜಡಿದಿದ್ದರು, ಸಗಣಿ ಹಾಕಿ ಸಾರಿಸೋಣ ಅಂದರೆ ಸಾರಿಸೋ ನೆಲವಿಲ್ಲ. ಎದುರಿಗೆ ಬಂದರು, ಸಾಲಾಗಿ ನಿಂತು ಹೊಗೆ ಬಿಡೋ ಹಡಗುಗಳು. ರಾಯರು ಕಿಟಕಿ ತೆಗೆದು "ಆಹಾ!" ಅಂದರು. ನಾನು ಒಲೆ ಹುಡುಕಿದೆ. ಮಣ್ಣಿನ ಬಕೆಟ್ಟಿನ ಹಾಗಿದ್ದ ಒಂದು ಇದ್ದಿಲೊಲೆ ಇತ್ತು, ಅದರ ಮೇಲೆ ನನ್ನ ಸಾರಿನ ಪಾತ್ರೆ ಕೂತುಕೊಳ್ಳೋದಕ್ಕೂ ಒಪ್ಪಲಿಲ್ಲ.

ಮನೆಯೊಳಗೆ ನಲ್ಲಿ ಇತ್ತು. ಆದರೆ ನಲ್ಲಿಯೊಳಗೆ ಚರ್ಮದ ಬಿಲ್ಲೆ ಇರುತ್ತಲ್ಲ, ಅದರಲ್ಲಿ ಬಂದ ನೀರು ಮಡಿ ಅಡುಗೆಗೆ ಆಗೋದಿಲ್ಲ, ಹರಿಯೋ ನೀರೇ ತರಬೇಕು ಅಂತ ಊರು ಬಿಡೋವಾಗಲೇ ದೊಡ್ಡಮ್ಮನವರ ಕಟ್ಟಪ್ಪಣೆ ಆಗಿತ್ತು. ಊರ ಹಿಂದೆ ಬೆಟ್ಟದಲ್ಲಿ ಒಂದು ಜಲಪಾತ ಸಿಕ್ಕಿತು. ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ಎಲ್ಲರೂ ಅಲ್ಲಿಗೆ ಛತ್ರಿ ಹಿಡಿದು, ಪೆಟಾ ಪೆಟಾ ಅಂತ ಮರದ ಪಾದರಕ್ಷೆ ಬಡಿದುಕೊಂಡು ವಿಹಾರಕ್ಕೆ ಹೋಗೋರು. ನಾನೊಬ್ಬನೇ ಕೊಡ ಹೊತ್ತು ನಡುಗುತ್ತಾ ಹೋಗೋನು. ನಾನು ಯಾವುದೋ ವ್ರತ ಹಿಡಿದ ಸನ್ಯಾಸಿ ಅಂತ ತಿಳಿದು ಮುದುಕಿಯರು ಸೊಂಟ ಬಗ್ಗಿಸಿ ನಮಸ್ಕಾರ ಮಾಡೋರು. ಮೊದಮೊದಲು ನನಗೂ ಒಂದಿಷ್ಟು ಕೊಬ್ಬು ಬಂತು. ಆಮೇಲೆ ನೋಡಿದರೆ ಅಂಚೆಯವನಿಗೂ ಹಾಗೇ ಬಗ್ಗುತ್ತಾರೆ, ಮೀನು ಮಾರೋನಿಗೂ ಬಗ್ಗುತ್ತಾರೆ. ಬೆನ್ನಿಗೆ ಕೀಲು ಹಾಕಿಸಿಕೊಂಡ ಜನ.

ನನ್ನ ಮಡಿ ಪಂಚೆಯದು ಇನ್ನೊಂದು ಗೋಳು. ಯಾರೂ ಮುಟ್ಟದ ಹಾಗೆ ಮನೆ ಮುಂದೆ ಎತ್ತರಕ್ಕೆ ಬಿದಿರು ಗಳ ಕಟ್ಟಿ ಒಣಹಾಕಿದೆ. ಮದ್ದೂರಲ್ಲಾದರೆ ಅದು ಸಂಜೆತನಕ ಅಲ್ಲೇ ಇರುತ್ತೆ. ಅಲ್ಲಿ ಸಮುದ್ರದ ಗಾಳಿ ಅದನ್ನ ಎತ್ತಿಕೊಂಡು ಹೋಗಿ ಕೆಳಗಿನ ಮನೆ ಹೆಂಚಿನ ಮೇಲೆ ಹಾಕಿತು. ಆ ಮನೆ ಹೆಂಗಸು ಅದನ್ನ ತೆಗೆದು, ಇಸ್ತ್ರಿ ಹಾಕಿ, ನಾಲ್ಕು ಮೂಲೆ ಸರಿಯಾಗಿ ಕೂಡಿಸಿ, ಎರಡೂ ಕೈಯಲ್ಲಿ ತಂದುಕೊಟ್ಟಳು. ನಾನು ಅವಳ ಮುಂದೆಯೇ ಅದನ್ನ ಬಕೆಟ್ಟಿಗೆ ಅದ್ದಿದೆ. ಪಾಪ, ತಾನು ಇಸ್ತ್ರಿ ಹಾಕಿದ್ದು ಸರಿಹೋಗಲಿಲ್ಲ ಅಂತ ತಿಳಿದುಕೊಂಡಿರಬೇಕು. ಮಾರನೇ ದಿನ ಮತ್ತೆ ಹಾರಿಹೋದ ಪಂಚೆಗೆ ಗಂಜಿ ಬೇರೆ ಹಾಕಿ ತಂದಳು. ಅವಳು ತರೋದು, ನಾನು ಅದ್ದೋದು, ಹೀಗೇ ಒಂದು ವಾರ ನಡೀತು. ಕೊನೆಗೆ ಒಳಗೇ ಒಣಹಾಕಿಕೊಂಡೆ, ವರ್ಷವಿಡೀ ಮುಗ್ಗಲು ವಾಸನೆ ಉಟ್ಟುಕೊಂಡೇ ಬದುಕಿದೆ.

ಸಾಮಾನಿಗೆ ಅಂತ ಊರೆಲ್ಲಾ ಅಲೆದೆ. ಕೆಳಗೆ ಟ್ರಾಮು ಓಡೋ ಬೀದಿ, ಮೇಲೆ ಬಿಳಿಯರ ಗಾಜಿನ ಮನೆಗಳ ಬೀದಿ, ನಡುವೆ ನಮ್ಮ ಗುಜರಾತಿ ವ್ಯಾಪಾರಿಗಳ ಅಂಗಡಿ. ಹುಣಸೆಹಣ್ಣು, ತೊಗರಿಬೇಳೆ ಅವರ ಹತ್ತಿರ ಸಿಗೋದು, ಕೊಡೋವಾಗ ಮೈಸೂರು ಸೀಮೆಗೇ ಉಪಕಾರ ಮಾಡಿದ ಮುಖ ಹಾಕೋರು. ಕರಿಬೇವು ಇಲ್ಲ. ನುಗ್ಗೆಕಾಯಿ ಕನಸಿನಲ್ಲೂ ಇಲ್ಲ. ತರಕಾರಿ ಅಂದರೆ ಮೂಲಂಗಿ, ತೊಡೆ ಗಾತ್ರದ ಮೂಲಂಗಿ. ಮಿಕ್ಕಿದ್ದೆಲ್ಲಾ ಮೀನು. ಸಾರಿಗೆ ಮೀನು, ಸೊಪ್ಪಿಗೆ ಮೀನಿನ ಪುಡಿ, ಪಾನಕ ಅಂತ ಏನಾದರೂ ಮಾಡಿದರೆ ಅದಕ್ಕೂ ಹಾಕ್ತಿದ್ದರೋ ಏನೋ. ಅಕ್ಕಿ ಬೇಯಿಸಿದರೆ ಅಂಟು, ಕಾಗದದ ಗೋಡೆ ಹರಿದಾಗ ಆ ಅನ್ನ ಮೆತ್ತಿಯೇ ಸರಿಮಾಡ್ತಿದ್ದೆ. ಹನ್ನೊಂದು ತಿಂಗಳು ಮೂಲಂಗಿ ಹುಳಿ, ಮೂಲಂಗಿ ಪಲ್ಯ, ಮೂಲಂಗಿ ಕೋಸಂಬರಿ. ಅದನ್ನ ಉಣ್ಣೋದಕ್ಕೆ ರಾಯರು ಬರೋದೂ ದಿನೇ ದಿನೇ ಕಡಿಮೆಯಾಯಿತು. "ಹಸಿವಿಲ್ಲ ಕಣಯ್ಯಾ" ಅನ್ನೋರು. ಹಸಿವಿಲ್ಲದ ಮನುಷ್ಯನ ಕೋಟಿನ ಗುಂಡಿ ನಾನೇ ಎರಡು ಸಲ ಸರಿಸಿ ಹೊಲಿದೆ.

ಒಂದು ಭಾನುವಾರ ಮೇಲಿನ ಬೀದಿ ನೋಡೋಣ ಅಂತ ಹತ್ತಿಕೊಂಡು ಹೋದೆ. ತಿರುವಿನಲ್ಲಿ ಒಂದು ಹೋಟೆಲು, ಬೀದಿ ಕಡೆಗೆ ಆಳೆತ್ತರದ ಗಾಜು. ಗಾಜಿನೊಳಗೆ ರಾಯರು. ಕೊರಳಿಗೆ ಬಿಳೀ ಬಟ್ಟೆ, ಕೈಯಲ್ಲಿ ಚಾಕು, ತಟ್ಟೆಯಲ್ಲಿ ಏನೋ ಕಂದುಬಣ್ಣದ್ದು. ತಲೆ ಮೇಲೆ ಪೇಟವಿಲ್ಲ, ಪೇಟದೊಳಗೆ ಇರಬೇಕಾಗಿದ್ದ ಜುಟ್ಟೂ ಇಲ್ಲ. ನಾನು ನಿಂತೆ. ಅವರು ತಲೆ ಎತ್ತಿದರು. ಗಾಜಿನ ಆಚೆ ಈಚೆ ನಾವಿಬ್ಬರೂ ಕಣ್ಣು ಕಣ್ಣು ಬಿಟ್ಟೆವು. ಆಮೇಲೆ ಅವರು ಹೊರಗೆ ಬಂದು ಪಿಸುಗುಟ್ಟಿದರು, "ಅದು ತರಕಾರಿ ಕಣಯ್ಯಾ."

"ತರಕಾರಿಗೆ ಮೂಳೆ ಇರುತ್ತಾ ರಾಯರೇ?"

"ಇಲ್ಲಿಯ ತರಕಾರಿಯೇ ಬೇರೆ" ಅಂದರು. ಯಾವ ಪ್ರಾಣಿಯ ತರಕಾರಿ ಅಂತ ಕೇಳೋ ಧೈರ್ಯ ನನಗಾಗಲಿಲ್ಲ. ಸಂಜೆ ಮನೆಯಲ್ಲಿ ಎಲೆ ಮುಂದೆ ಕೂತು, ಕಣ್ಣು ಮುಚ್ಚಿ, ಎಲೆಯ ಸುತ್ತ ನೀರು ಬಿಟ್ಟು, ಮಂತ್ರ ಒಂದಕ್ಷರ ತಪ್ಪದೆ ಹೇಳಿ ಎರಡು ತುತ್ತು ಉಂಡರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ನಮ್ಮ ಕಡೆ ಅಂತಾರೆ. ಬದನೆಕಾಯಿಯಾಗಿದ್ದರೆ ನಾನು ಅಡ್ಡಬೀಳ್ತಿದ್ದೆ. ಇವರ ಬಾಯಿಯ ಮಡಿಗೆ ನಾನು ಬೆಟ್ಟ ಹತ್ತಿ ನೀರು ಹೊರಬೇಕು, ನಾಳೆ ತುಲಸಿ ಹಿಡಿದು ಪ್ರಮಾಣ ಮಾಡಬೇಕು. ಆದರೂ ಬಾಯಿ ಬಿಡಲಿಲ್ಲ. ಅವರ ಸಾಕ್ಷಿ ನನಗೆ ಬೇಕಾಗಿತ್ತಲ್ಲ. ನನ್ನ ಸೌಟು ಅವರ ನಾಲಿಗೆಯ ತುದಿಯಲ್ಲಿತ್ತು.

ಇಷ್ಟು ಬೈದವನು ನನ್ನದನ್ನೂ ಹೇಳಿಬಿಡ್ತೀನಿ. ಮಾಘದ ಚಳಿಯಲ್ಲಿ ಒಂದು ಬೆಳಿಗ್ಗೆ ಜಲಪಾತದ ಮೆಟ್ಟಿಲ ಮೇಲೆ ನೀರು ಹೆಪ್ಪುಗಟ್ಟಿತ್ತು. ಕಾಲು ಜಾರಿ ಕೊಡದ ಸಮೇತ ಉರುಳಿದೆ. ಮೆಟ್ಟಿಲ ಪಕ್ಕದಲ್ಲಿ ಚಹಾ ಅಂಗಡಿ ಇಟ್ಟಿದ್ದ ಒಬ್ಬ ಮುದುಕಿ ಎಳೆದುಕೊಂಡು ಹೋಗಿ ಒಳಗೆ ಮಲಗಿಸಿದಳು. ಕಾಲು ಊದಿತ್ತು, ಮೈ ಕೆಂಡ. ಮೂರು ದಿನ ಏಳಲಾಗಲಿಲ್ಲ. ಆ ಮೂರು ದಿನವೂ ಅವಳು ಗಂಜಿ ಕಾಯಿಸಿ, ಉಪ್ಪಿನಲ್ಲಿ ಊರಿಸಿದ ಒಂದು ಹುಳಿ ಕಾಯಿ ಹಾಕಿ, ನನ್ನ ತಲೆ ಎತ್ತಿ ಹಿಡಿದು ಕುಡಿಸಿದಳು. ಮೊದಲ ಸಲ ಬಾಯಿ ಮುಚ್ಚಿಕೊಂಡೆ. ಅವಳು ನಮ್ಮಮ್ಮನ ಹಾಗೇ ಗದರಿದಳು, ಭಾಷೆ ಗೊತ್ತಿಲ್ಲದಿದ್ದರೂ ಗದರೋದು ಗೊತ್ತಾಯಿತು. ಕುಡಿದೆ. ಬೇಡವಾಗಿದ್ದರೂ ಕುಡಿದೆ ಅಂತ ಸುಳ್ಳು ಹೇಳೋಲ್ಲ, ಬೇಕಾಗಿತ್ತು. ಆಕೆಗೆ ನನ್ನ ಕುಲ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ, ಹೊರಡೋವಾಗ ಏನು ಕೊಡಬೇಕು ಅಂತ ಕೈಸನ್ನೆ ಮಾಡಿದರೆ ನಕ್ಕುಬಿಟ್ಟಳು. ಆ ಊರಿನಲ್ಲಿ ನಾನು ಬೈಯದೇ ಬಿಟ್ಟದ್ದು ಅವಳೊಬ್ಬಳನ್ನೇ.

ಕುಂಟುತ್ತಾ ಮನೆಗೆ ಬಂದರೆ ರಾಯರು "ಎಲ್ಲಯ್ಯಾ ಹೋಗಿದ್ದೆ? ನನ್ನ ಕೋಟು ಇಸ್ತ್ರಿ ಆಗಿಲ್ಲ" ಅಂದರು. ಬಿದ್ದ ವಿಷಯ ಹೇಳಿದೆ, ಗಂಜಿ ವಿಷಯವನ್ನೂ ಹೇಳಿದೆ. "ಛೆ, ಛೆ. ನಾನೇನೂ ಕೇಳಲಿಲ್ಲ, ನೀನೇನೂ ಹೇಳಲಿಲ್ಲ" ಅಂತ ಭುಜ ತಟ್ಟಿದರು. ಎಂಥ ದೊಡ್ಡ ಮನಸ್ಸು ಅಂದುಕೊಂಡೆ. ನೋಡಿ, ಪೆದ್ದನಿಗೆ ಕೊಂಬು ಇರೋದಿಲ್ಲ.

ವರ್ಷ ತುಂಬಿತು. ಮಳವಳ್ಳಿಗೆ ವಾಪಸು ಬಂದೆವು. ಪ್ರಾಯಶ್ಚಿತ್ತಕ್ಕೆ ದಿನ ಇಟ್ಟರು. ಮೊದಲು ತಲೆ ಬೋಳಿಸಬೇಕಲ್ಲ, ರಾಯರ ಜುಟ್ಟು ಇತ್ತೋ ಇಲ್ಲವೋ ಅನ್ನೋ ಮಾತೇ ಬರಲಿಲ್ಲ. ಅದೃಷ್ಟವಂತರಿಗೆ ಕ್ಷೌರದ ಕತ್ತಿಯೂ ಸಾಕ್ಷಿ ಅಳಿಸುತ್ತೆ. ನಡುಮನೆಯಲ್ಲಿ ಊರ ಹಿರಿಯರು ಕೂತಿದ್ದರು. ದೊಡ್ಡಮ್ಮನವರು ಕಂಬ ಒರಗಿಕೊಂಡು ಕಿವಿಯೆಲ್ಲಾ ಈ ಕಡೆ ಇಟ್ಟಿದ್ದರು. ಪುರೋಹಿತರು ನನ್ನ ಬಲಗೈಗೆ ತುಲಸಿ, ನೀರು ಹಾಕಿದರು. ಎಷ್ಟು ಶ್ರಾದ್ಧದಲ್ಲಿ ಅವರು ಆಚೆ ಮಂತ್ರ, ನಾನು ಈಚೆ ವಡೆ!

"ಇವರು ಪರದೇಶದಲ್ಲಿ ನಿನ್ನ ಕೈಯಡುಗೆ ಬಿಟ್ಟು ಬೇರೇನಾದರೂ ಸೇವಿಸಿದರೇನಯ್ಯಾ?"

ಗಾಜಿನೊಳಗಿನ ತಟ್ಟೆ ಕಣ್ಣ ಮುಂದೆ ಬಂತು. ದೊಡ್ಡಮ್ಮನವರು ಕೈ ಜೋಡಿಸಿಕೊಂಡಿದ್ದರು. ರಾಯರು ನನ್ನನ್ನೇ ನೋಡ್ತಿದ್ದರು.

"ಇಲ್ಲ" ಅಂದೆ. "ಒಂದು ತುತ್ತೂ ಇಲ್ಲ." ನೀರು ಬಿಟ್ಟೆ. ಮುದುಕಿ ಹೋ ಅಂತ ಅತ್ತುಬಿಟ್ಟರು.

ಆಮೇಲೆ ಪುರೋಹಿತರು ರಾಯರ ಕಡೆ ತಿರುಗಿದರು. "ಸರಿ. ಇವನ ಪರವಾಗಿ ಯಾರು ಹೇಳ್ತಾರೆ? ಇವನು ಏನು ಉಂಡ, ಎಲ್ಲಿ ಉಂಡ ಅಂತ ನೀವು ಬಲ್ಲಿರೋ?"

ಒಂದು ಮಾತು. 'ಬಲ್ಲೆ' ಅನ್ನೋದಕ್ಕೆ ಎಷ್ಟು ಉಸಿರು ಬೇಕು? ರಾಯರು ಜಂತೆ ನೋಡಿದರು, ಹೊಸದಾಗಿ ಬೋಳಾದ ತಲೆ ಸವರಿಕೊಂಡರು. ನನ್ನ ಪರ ನಿಂತರೆ ಇನ್ನೂ ನಾಲ್ಕು ಪ್ರಶ್ನೆ ಬಂದಾವು, ನಾಲ್ಕರಲ್ಲಿ ಒಂದು ತಮ್ಮ ಕಾಲಿಗೇ ಸುತ್ತಿಕೊಂಡೀತು ಅನ್ನೋ ಲೆಕ್ಕ ಆ ಮುಖದ ಮೇಲೆ ನಡೆದದ್ದನ್ನ ನಾನು ಕಣ್ಣಾರೆ ಕಂಡೆ. ಕಡೆಗೆ ಅಂದರು, "ನಾನು ದಿನವೆಲ್ಲಾ ಆಫೀಸಿನಲ್ಲಿರ್ತಿದ್ದೆ. ಇವನು ಊರು ಸುತ್ತೋ ಸ್ವಭಾವದವನು. ಮೂರು ದಿನ ಮನೆಗೇ ಬರಲಿಲ್ಲ. ಎಲ್ಲಿದ್ದನೋ ನಾ ಹೇಗೆ ಹೇಳಲಿ?"

ನಾನು ಮೇಲೆದ್ದೆ. "ಹಾಗಾದರೆ ನಾನು ಮಾಡಿದ ಅಡುಗೆ ಉಂಡ ಇವರು ಹೇಗೆ ಶುದ್ಧ ಸ್ವಾಮಿ? ಕೈ ಕೆಟ್ಟಿದ್ದರೆ ಅನ್ನವೂ ಕೆಟ್ಟಿರಬೇಕಲ್ಲ!"

ಪುರೋಹಿತರು ಗಂಟಲು ಸರಿಮಾಡಿಕೊಂಡರು. "ಪಾಕ ಮಾಡುವಾಗಿನ ಮಡಿ ಬೇರೆ, ಪಾಚಕನ ಸ್ವಂತ ಆಹಾರ ಬೇರೆ" ಅಂದರು. ಸುತ್ತ ಕೂತ ಹಿರಿಯರೆಲ್ಲಾ ಹೌದು ಹೌದು ಅಂತ ತಲೆ ಆಡಿಸಿದರು. ಕೋಲೆ ಬಸವನೂ ಅಷ್ಟು ಚೆನ್ನಾಗಿ ಆಡಿಸೋದಿಲ್ಲ.

ನಾನು ಆಗಲೇ ಕೂಗಿ ಹೇಳಿಬಿಡಬಹುದಿತ್ತು. ಗಾಜು, ಚಾಕು, ಮೂಳೆ, ಎಲ್ಲ. ತುಲಸಿ ಹಿಡಿದು ಆಗಷ್ಟೇ ಸುಳ್ಳಾಡಿದ ಬಾಯಿಯನ್ನ ಯಾರು ನಂಬ್ತಾರೆ? ಅದೂ ಅಲ್ಲದೆ ಮುದುಕಿ ಎದ್ದು ತಡವರಿಸುತ್ತಾ ಮಗನ ಬೋಳು ತಲೆ ಮುಟ್ಟಿ ಮುಟ್ಟಿ ನೋಡ್ತಿದ್ದರು. ಆಕೆಯ ಬಾಯಿಗೆ ಮಣ್ಣು ಹಾಕೋದಕ್ಕೆ ನನ್ನ ಕೈಲಾಗಲಿಲ್ಲ. ಹಾಳಾಗಿ ಹೋಗಲಿ ಅಂತ ಕೂತೆ.

ಹೋಮ ರಾಯರೊಬ್ಬರಿಗೇ ಆಯಿತು. ಊಟಕ್ಕೆ ಹೊಸ ಅಡುಗೆಯವನನ್ನ ಕರೆಸಿದ್ದರು. ಒಳಗೆ ಉದ್ದಕ್ಕೆ ಪಂಕ್ತಿ, ನಡುವೆ ರಾಯರು. ನನಗೆ ಹಿತ್ತಿಲ ಜಗಲಿಯ ಮೇಲೆ ಎಲೆ. ಯಾರೋ ದೂರದಿಂದ ಅನ್ನ ಹಾಕಿ ಹೋದರು. ಎದ್ದು ಹೋಗಬೇಕಾಗಿತ್ತು, ಹೋಗಲಿಲ್ಲ. ಬೆಳಗಿನಿಂದ ಉಪವಾಸ, ಕಾಲು ನೋವು, ಮದ್ದೂರಿನ ತನಕ ನಡೀಬೇಕು. ಅದಕ್ಕೆ ಕೂತೆ. ನಾಚಿಕೆಗೆಟ್ಟವನು ಅಂದುಕೊಳ್ಳೋರು ಅಂದುಕೊಳ್ಳಿ.

ಅಷ್ಟರಲ್ಲಿ ದೊಡ್ಡಮ್ಮನವರು ಗೋಡೆ ಹಿಡಿದುಕೊಂಡು ಮಜ್ಜಿಗೆ ತಂಬಿಗೆ ತಂದರು. ಮೈಯೆಲ್ಲಾ ಸಂತೋಷ. ಅಳುವ ಭರದಲ್ಲಿ ಆಮೇಲಿನ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ.

"ಯಾರಪ್ಪಾ ಅದು? ನೀನಾ? ಇಲ್ಲೊಬ್ಬನೇ ಯಾಕೆ ಕೂತೆ? ನನ್ನ ಮಗನ ಮಡಿ ಕಾಯ್ದು ಕರಕೊಂಡು ಬಂದ ಪುಣ್ಯಾತ್ಮ ನೀನು. ಹಿಡಿ, ನಾನೇ ಬಡಿಸ್ತೀನಿ" ಅಂತ ಬಗ್ಗಿದರು. ಒಳಗೆ ತಿರುಗಿ ಕೂಗಿದರು, "ಲೋ, ಇವನನ್ನ ಯಾಕೋ ಹೊರಗೆ ಕೂರಿಸಿದೀರಿ?"

ರಾಯರು ಊಟ ಮುಗಿಸಿ ಕೈ ತೊಳೆಯೋದಕ್ಕೆ ಹಿತ್ತಿಲ ಬಾಗಿಲಿಗೆ ಬಂದಿದ್ದರು. ಬಾಯಿ ಮುಕ್ಕಳಿಸಿ ಉಗಿದು, ನನ್ನ ಕಡೆ ನೋಡದೆ ಅಂದರು:

"ಅವನು ಸಮುದ್ರ ದಾಟಿ ಬಂದಿದಾನಲ್ಲಮ್ಮಾ."

ದೊಡ್ಡಮ್ಮನವರು ಬಗ್ಗಿಸಿದ್ದ ತಂಬಿಗೆಯನ್ನ ನೆಟ್ಟಗೆ ಮಾಡಿಕೊಂಡು, ಸೆರಗು ಒಟ್ಟಿಗೆ ಹಿಡಿದು, ಒಂದು ಹೆಜ್ಜೆ ಹಿಂದಕ್ಕೆ ಸರಿದರು.